ಕೋವಿಯ ತೂಕ ಎಲ್ಲಿ ಕೂತಿದೆ

ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಸೀಮೆಯ ಹೊಲಗಳಲ್ಲಿ ಅಟ್ಟಣೆಗಳು ಏಳುತ್ತವೆ. ಹಂದಿ ಒಂದು ರಾತ್ರಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಹೆಚ್ಚು. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದವರು ಕೋವಿ ಹೆಗಲಿಗೇರಿಸಿ ಬದುವಿನ ಗುಂಟ ಸುತ್ತು ಹಾಕುತ್ತಾರೆ. ಎರಡನೇ ಸುತ್ತಿಗೆ ಕೋವಿ ಆ ಹೆಗಲಿನಿಂದ ಈ ಹೆಗಲಿಗೆ ಬರುತ್ತದೆ. ಮೂರನೇ ಸುತ್ತಿಗೆ ಮಾತು ಹೊರಡುತ್ತದೆ: ‘ಇದನ್ನ ಸ್ವಲ್ಪ ಹಗುರ ಮಾಡಿಸ್ಬೇಕು ನೋಡಪ್ಪ.’

ಮಾಡಿಸಬಹುದು. ಆದರೆ ಹೀಗೆ ಹೇಳುವವರ ಕಣ್ಣು ಮೊದಲು ಹೋಗುವುದು ನಳಿಗೆಯ ಕಡೆಗೆ. ಕಬ್ಬಿಣ ತಾನೇ ಭಾರ, ಅದರಲ್ಲೇ ಒಂದಿಷ್ಟು ಕತ್ತರಿಸಿದರೆ ಆಯಿತು ಎಂಬ ಲೆಕ್ಕ. ಕಾನೂನಿಗೂ ಒಗ್ಗದ, ಭೌತಶಾಸ್ತ್ರಕ್ಕೂ ಒಗ್ಗದ ಜಾಗ ಅದೊಂದೇ. ತೂಕ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಎಲ್ಲಿಂದ ಇಳಿಯಿತು ಅನ್ನುವುದು ಮುಖ್ಯ.

ಮೊದಲು ತೂಗಿ. ಅಡುಗೆಮನೆಯ 5 ಕಿಲೋ ಡಿಜಿಟಲ್ ತಕ್ಕಡಿ ಸಾಕು. ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ಕೋವಿಯನ್ನು ರಾತ್ರಿ ಹೊಲಕ್ಕೆ ಒಯ್ಯುವ ಹಾಗೆಯೇ ಇಟ್ಟು ಒಮ್ಮೆ ತೂಗಬೇಕು. ಆಮೇಲೆ ಮೇಲಿನದೆಲ್ಲ ಒಂದೊಂದಾಗಿ ಬಿಚ್ಚುತ್ತ ತೂಗಬೇಕು. ಹನ್ನೆರಡು ಬೋರಿನ ಜೋಡಿ ನಳಿಗೆ ಬರಿಗೋವಿ ಹೆಚ್ಚುಕಡಿಮೆ 3 ಕಿಲೋ ಇರುತ್ತದೆ. ಅದರ ಮೇಲೆ ಹೇರಿದ್ದು ನೋಡಿ. ಮೂರು ದೊಡ್ಡ ಸೆಲ್ಲಿನ ಟಾರ್ಚನ್ನು ರಬ್ಬರ್ ಟ್ಯೂಬಿನಿಂದ ನಳಿಗೆಗೆ ಬಿಗಿದಿರುತ್ತಾರೆ. ಆಲ್ಕಲೈನ್ ಡಿ ಸೆಲ್ ಒಂದಕ್ಕೆ 140 ಗ್ರಾಂ, ಮೂರಕ್ಕೆ 420, ಟಾರ್ಚಿನ ಮೈಯೂ ಸೇರಿದರೆ 600ರ ಸುತ್ತಮುತ್ತ. ಹಿತ್ತಾಳೆ ಬಕಲಿನ ದಪ್ಪ ಚರ್ಮದ ಬೆಲ್ಟು 250 ಗ್ರಾಂ. ಹೆಗಲಿಗೆ ಆನುವ ಮರಕ್ಕೆ, ಅಂದರೆ ಬಟ್ಟಿಗೆ, ಸುತ್ತಿದ ಚರ್ಮದ ಚೀಲದಲ್ಲಿ ಐದು ತೋಟಾ, ಒಂದೊಂದು 45 ಗ್ರಾಂ ಅಂದರೂ 225. ಒಟ್ಟು ಒಂದು ಕಿಲೋ ದಾಟಿತು. ಹೊತ್ತ ತೂಕದ ಕಾಲು ಪಾಲು ಕೋವಿಯೇ ಅಲ್ಲ.

ಇದರಲ್ಲಿ ಟಾರ್ಚಿನದು ದೊಡ್ಡ ಅನ್ಯಾಯ. ಅದು 600 ಗ್ರಾಂ ಮಾತ್ರ ಅಲ್ಲ. ಎಡಗೈ ಹಿಡಿದ ಜಾಗದಿಂದ 35 ಸೆಂಟಿಮೀಟರ್ ಮುಂದೆ ಟಾರ್ಚು, ಅಷ್ಟೇ ಹಿಂದೆ ಬಲಗೈ ಅಂದುಕೊಳ್ಳಿ. ಮುಂದಿನ 600 ಗ್ರಾಂ ಮೂಗು ಕೆಳಗೆ ಮಾಡದಿರಲು ಬಲಗೈ ಇನ್ನೊಂದು 600 ಗ್ರಾಮಿನಷ್ಟು ಕೆಳಕ್ಕೆ ಒತ್ತಬೇಕು. ಎರಡನ್ನೂ ಹೊರುವುದು ಎಡಗೈ. ಏತದ ಮರದ ಲೆಕ್ಕವೇ ಇದು, ಎಡಗೈಗೆ ಬಿದ್ದದ್ದು 1.2 ಕಿಲೋ. ಇದೇ ಬೆಳಕನ್ನು ತಲೆಗೆ ಕಟ್ಟುವ ಲೈಟಿನಿಂದ ಪಡೆದರೆ ತಲೆಯ ಮೇಲೆ 100 ಗ್ರಾಂ, ಕೈಗೆ ಸೊನ್ನೆ. ತೂಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಟಾರ್ಚು ನಳಿಗೆಗೆ ಕಟ್ಟಿದ್ದರೆ ಏನನ್ನು ನೋಡಬೇಕಾದರೂ ಅದರ ಕಡೆಗೆ ಕೋವಿ ತಿರುಗಿಸಬೇಕು. ಪಕ್ಕದ ಹೊಲದವನು ನೀರು ಕಟ್ಟಲು ಬಂದಿದ್ದರೂ ಮೊದಲು ಅವನ ಎದೆಗೆ ಗುರಿ, ಆಮೇಲೆ ಗುರುತು. ಇದೊಂದನ್ನು ಬಿಚ್ಚಿ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಬೆಲ್ಟು 50 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿಯಾದರೆ 80-100 ಗ್ರಾಮಿನಲ್ಲಿ ಮುಗಿಯುತ್ತದೆ. ಹೆಗಲಿಗೆ ನೋವು ಕೊಡುವುದು ತೂಕವೊಂದೇ ಅಲ್ಲ, ಅದು ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದೂ ಹೌದು. 25 ಮಿಲಿಮೀಟರ್ ಪಟ್ಟಿಯಲ್ಲಿ ತೂಗಿದ 3 ಕಿಲೋಗಿಂತ 50ರಲ್ಲಿ ತೂಗಿದ ಮೂರೂವರೆ ಕಿಲೋ ಹಾಯಾಗಿರುತ್ತದೆ. ತೋಟಾಗಳು ಸೊಂಟಕ್ಕೆ ಹೋಗಲಿ. ತೂಕ ಇಳಿಯಲಿಲ್ಲ ನಿಜ, ಆದರೆ ಗುರಿ ಹಿಡಿಯುವ ಕೈಯಿಂದ ಇಳಿಯಿತು.

ಇನ್ನು ಕೋವಿಯ ಮೈಯಿಂದಲೇ ಇಳಿಸಬೇಕು ಅನ್ನುವವರು ಮೊದಲು ಹೆಗಲಿನ ಲೆಕ್ಕ ಕೇಳಬೇಕು. ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕ ಗ್ರೀನರ್ ಹೆಸರಿನಲ್ಲಿ ಓಡಾಡುವ ಹಳೆಯ ಸೂತ್ರವೊಂದಿದೆ: ಕೋವಿಯ ತೂಕ ಒಂದು ತೋಟಾದೊಳಗಿನ ಚರೆಯ (ಸೀಸದ ಕಾಳುಗಳ) 96 ಪಟ್ಟು ಇರಬೇಕು. 28 ಗ್ರಾಂ ಚರೆಗೆ 2.7 ಕಿಲೋ, 32 ಗ್ರಾಮಿಗೆ 3.07 ಕಿಲೋ. ಅದಕ್ಕಿಂತ ಕೆಳಗಿಳಿದರೆ ಒದೆತ ಸಹಿಸಲಾಗದು. ಇದು ಕಾನೂನಲ್ಲ, ಕೈಯ ಅನುಭವದಿಂದ ಬಂದ ಗಡಿ. ಆದರೂ ನೂರು ವರ್ಷ ಬಾಳಿದ ಗಡಿ. ಒಂಟಿ ನಳಿಗೆಯ ಕೋವಿ ಎಷ್ಟೋ ಸಲ ಈ ಗಡಿಯ ಕೆಳಗೇ ಇರುತ್ತದೆ, ಅದರಲ್ಲಿ ದೊಡ್ಡ ತೋಟಾ ಹಾರಿಸಿದವರ ಕೆನ್ನೆಗೆ ಇದು ಗೊತ್ತು. ಅಂಥ ಕೋವಿಯಿಂದ ಒಂದು ಗ್ರಾಮೂ ತೆಗೆಯಬಾರದು. ಒದೆತ ತಡೆಯುವುದು ಕಷ್ಟವಾದರೆ ಹಗುರ ತೋಟಾ ಹಾಕಿ, 28 ಗ್ರಾಮಿಗೆ ಇಳಿಯಿರಿ. ಬೆದರಿಸುವುದಕ್ಕೆ ಸದ್ದು ಸಾಕು.

ರೈಫಲ್ಲಿನಲ್ಲಿ ಈ ಲೆಕ್ಕ ಇನ್ನೂ ನಿಖರ. .30-06 ಎಂಬ ರೈಫಲ್ ತೋಟಾದಲ್ಲಿ 9.7 ಗ್ರಾಮಿನ ಗುಂಡು ಸೆಕೆಂಡಿಗೆ 880 ಮೀಟರ್ ವೇಗದಲ್ಲಿ ಹೊರಡುತ್ತದೆ. ಹಿಂದೆಯೇ ಮೂರು ಗ್ರಾಂ ಚಿಲ್ಲರೆ ಮದ್ದು ಅನಿಲವಾಗಿ ಅದಕ್ಕಿಂತ ಜೋರಾಗಿ ನುಗ್ಗುತ್ತದೆ. ಇಬ್ಬರೂ ಸೇರಿ ರೈಫಲನ್ನು ಹಿಂದಕ್ಕೆ ತಳ್ಳುತ್ತಾರೆ. ರೈಫಲ್ 3.8 ಕಿಲೋ ಇದ್ದರೆ ಹೆಗಲಿಗೆ ಬರುವುದು ಸುಮಾರು 20 ಜೂಲ್. ಅದನ್ನೇ 2.8 ಕಿಲೋಗೆ ಇಳಿಸಿದರೆ 27-28 ಜೂಲ್. ತೂಕ ಕಾಲು ಭಾಗ ಇಳಿದರೆ ಒದೆತ ಮೂರನೇ ಒಂದು ಭಾಗ ಏರಿತು. ಒದೆತಕ್ಕೆ ಹೆದರಿದ ಬೆರಳು ಟ್ರಿಗರನ್ನು ಒತ್ತುವುದಿಲ್ಲ, ಎಳೆದುಬಿಡುತ್ತದೆ. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಬವ್ವನ ಕೈಯಲ್ಲಿ ಒನಕೆ ಕೆಲಸ ಮಾಡಿದ್ದು ಅದು ಹಗುರವಾಗಿತ್ತೆಂದಲ್ಲ.

ಇಷ್ಟೆಲ್ಲ ಕೇಳಿಯೂ ಗಡಿಯ ಮೇಲೆ 200-300 ಗ್ರಾಂ ಉಳಿದಿದೆ ಅನ್ನುವ ಕೋವಿಗೆ ಸರಿಯಾದ ಜಾಗ ಬಟ್ಟು. ಅಲ್ಲಿ ಒತ್ತಡವಿಲ್ಲ, ಬೆಂಕಿಯಿಲ್ಲ, ಒಳಗೆ ಟೊಳ್ಳು ಮಾಡಿದರೂ ಹೊರಗೆ ಕಾಣುವುದಿಲ್ಲ. ಕೆಲಸ ಮಾತ್ರ ಲೈಸೆನ್ಸ್ ಇರುವ ಕೋವಿ ಅಂಗಡಿಯ ಮಿಸ್ತ್ರಿಯದೇ ಆಗಬೇಕು. ಆಯುಧ ಕಾಯ್ದೆಯಲ್ಲಿ ಬಂದೂಕು ಅಂದರೆ ಅದರ ಬಿಡಿಭಾಗಗಳೂ ಸೇರಿ. ಊರ ಬಡಗಿ ಎಷ್ಟೇ ಕುಶಲಿಯಾದರೂ ಅವನ ಬಳಿ ಬಿಚ್ಚಿಟ್ಟು ಬಂದರೆ ಇಬ್ಬರಿಗೂ ತೊಂದರೆ. ಆದರೆ ಮಿಸ್ತ್ರಿಗೆ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕೋವಿ ಹೊರುವವನಿಗೆ ಗೊತ್ತಿರಬೇಕು.

ಬಟ್ಟಿನ ಹಿಂದಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿದರೆ ಮರದ ಅಡ್ಡಕೊಯ್ತ ಕಾಣುತ್ತದೆ. ಕೆಲವು ಕೋವಿಗಳಲ್ಲಿ ನಡುವೆ ಆಗಲೇ ಒಂದು ತೂತಿರುತ್ತದೆ, ಬಟ್ಟನ್ನು ಮುಂದಿನ ಕಬ್ಬಿಣಕ್ಕೆ ಬಿಗಿಯುವ ಉದ್ದದ ಬೋಲ್ಟು ಅದರೊಳಗಿದೆ. ಆ ತೂತಿನ ಗೋಡೆ ಮುಟ್ಟಬಾರದು. ಅದರ ಕೆಳಗೆ, ಬಟ್ಟು ಅಗಲವಾಗಿರುವ ಕಡೆ, 25 ಮಿಲಿಮೀಟರಿನ ತೂತು ಕೊರೆಯಬೇಕು. ಆಳ 150 ಮಿಲಿಮೀಟರ್ ದಾಟಬಾರದು, ದಾಟಿದರೆ ಬಲಗೈ ಹಿಡಿಯುವ ಮಣಿಕಟ್ಟಿನ ಕಡೆ ಮರ ಸಣ್ಣಗಾಗುತ್ತ ಹೋಗುತ್ತದೆ. ಸುತ್ತ ಎಲ್ಲಿಯೂ ತೆಳು ಗೋಡೆ ಉಳಿಯಬಾರದು. ಇಂಥ ಒಂದು ತೂತು ಸುಮಾರು 74 ಘನ ಸೆಂಟಿಮೀಟರ್. ವಾಲ್‌ನಟ್ ಮರದ ಸಾಂದ್ರತೆ 0.65ರ ಹತ್ತಿರ ಇರುವುದರಿಂದ ಉದುರುವುದು 48 ಗ್ರಾಂ ಪುಡಿ. ಎರಡು ತೂತಿಗೆ ಜಾಗ ಸಿಕ್ಕರೆ ನೂರರ ಹತ್ತಿರ. ಇಷ್ಟೇನಾ ಅನ್ನಿಸುತ್ತದೆ, ಇಷ್ಟೇ. ಇನ್ನೂ ಅಗಲ ಮಾಡಿಸಿ ಇನ್ನೊಂದು ನೂರು ತೆಗೆಯೋಣ ಅನ್ನುವ ಆಸೆಯಲ್ಲೇ ಬಟ್ಟು ಸೀಳುವುದು.

ಕೆಲಸ ಕೆಡುವುದು ಹೆಚ್ಚಾಗಿ ಕೋನದಲ್ಲಿ. ಬಟ್ಟು ನೇರ ಇಲ್ಲ, ಹಿಂದಕ್ಕೆ ಹೋದಂತೆ ಕೆಳಗೆ ಇಳಿಯುತ್ತದೆ. ಪ್ಲೇಟಿನ ಮುಖಕ್ಕೆ ಲಂಬವಾಗಿ ಡ್ರಿಲ್ ಹಿಡಿದರೆ ಅದರ ಮೊನೆ ಕೆನ್ನೆ ಆನುವ ಏಣಿನ ಕಡೆಗೋ ಕೆಳಗಿನ ಅಂಚಿನ ಕಡೆಗೋ ಏರಿಳಿದು ಹೊರಬಂದೀತು. ಅದಕ್ಕೆ ಮೊದಲೇ ಬಟ್ಟಿನ ಪಕ್ಕಕ್ಕೆ ಕಾಗದದ ಟೇಪು ಅಂಟಿಸಿ, ತೂತು ಒಳಗೆ ಹೋಗುವ ದಾರಿಯನ್ನು ಪೆನ್ಸಿಲಿನಲ್ಲಿ ಎರಡು ಗೆರೆಯಾಗಿ ಎಳೆದುಕೊಳ್ಳಬೇಕು, ಮೇಲಿನಿಂದ ನೋಡಿದಾಗಲೂ, ಪಕ್ಕದಿಂದ ನೋಡಿದಾಗಲೂ. ಕೈ ಡ್ರಿಲ್ಲು ಬೇಡ, ನಿಲ್ಲುವ ಡ್ರಿಲ್ ಪ್ರೆಸ್ಸಿನಲ್ಲಿ ಬಟ್ಟನ್ನು ಗೆರೆಗೆ ಸರಿಯಾಗಿ ವಾಲಿಸಿ ಬಿಗಿಯಬೇಕು. ಒಂದೇ ಸಲ ಇಳಿಸದೆ ಎರಡು ಸೆಂಟಿಮೀಟರಿಗೊಮ್ಮೆ ಮೇಲೆತ್ತಿ ಪುಡಿ ತೆಗೆಯಬೇಕು, ಇಲ್ಲದಿದ್ದರೆ ಬಿಸಿಗೆ ಮರ ಒಳಗೇ ಕರಕಾಗುತ್ತದೆ. ಪುಡಿ ಕಪ್ಪಿಟ್ಟರೆ ನಿಲ್ಲಿಸಿ. ಪುಡಿ ಜಿಡ್ಡಾಗಿ ಅಂಟಿಕೊಂಡರೆ ಬೇರೆ ಸುದ್ದಿ: ಕೋವಿಯ ಎಣ್ಣೆ ವರ್ಷಗಟ್ಟಲೆ ಇಳಿದು ಮರ ಮೆತ್ತಗಾಗಿದೆ. ಬಟ್ಟು ಮೇಲಕ್ಕೆ ಮಾಡಿ ನಿಲ್ಲಿಸಬೇಕಾದ ಕೋವಿಯನ್ನು ನಳಿಗೆ ಮೇಲೆ ಮಾಡಿ ಮೂಲೆಗೆ ಒರಗಿಸಿಟ್ಟದ್ದರ ಫಲ. ಅಂಥ ಬಟ್ಟಿಗೆ ತೂತು ಬೇಡ.

ಕೊರೆದ ಮೇಲೆ ಒಳಮೈಗೆ ತೆಳು ಮಾಡಿದ ಚಂದ್ರಸ ಅಥವಾ ವಾರ್ನಿಶ್ ಎರಡು ಕೋಟು. ಹೊರಗೆ ಹಚ್ಚುವ ಅಗಸೆ ಎಣ್ಣೆಯನ್ನು ಒಳಗೆ ಸುರಿದರೆ ತಿಂಗಳಾದರೂ ಒಣಗುವುದಿಲ್ಲ. ಟೊಳ್ಳನ್ನು ಖಾಲಿ ಬಿಟ್ಟರೆ ಬಟ್ಟು ಕಲ್ಲಿಗೆ ತಾಗಿದಾಗ ತಮಟೆಯ ಸದ್ದು ಬರುತ್ತದೆ. ಹಂದಿಗೆ ಕಣ್ಣು ಮಂದ, ಕಿವಿಯಲ್ಲ. ಫೋಮಿನ ಉರುಳೆ ತುರುಕಿದರೆ ಸದ್ದು ಸಾಯುತ್ತದೆ, ತೂಕ ಎರಡು ಮೂರು ಗ್ರಾಂ.

ಒದೆತ ಹೆಚ್ಚಿತೆಂದು ಆಮೇಲೆ ಕೆಲವರು 25 ಮಿಲಿಮೀಟರ್ ದಪ್ಪದ ರಬ್ಬರ್ ಪ್ಯಾಡು ಹಾಕಿಸುತ್ತಾರೆ. ಗಟ್ಟಿ ರಬ್ಬರಿನದು 120 ಗ್ರಾಂ ಮೇಲೇ ತೂಗುತ್ತದೆ. ಬಟ್ಟು ಉದ್ದವಾಗಬಾರದೆಂದು ಅಷ್ಟೇ ಮರ ಕೊಯ್ದರೆ 70 ಗ್ರಾಂ ಹೋಗುತ್ತದೆ. ಕೊನೆಗೆ ನಿಮ್ಮ ನೂರು ಗ್ರಾಂ ಲಾಭದಲ್ಲಿ ಅರ್ಧ ವಾಪಸ್ಸು. ಆದರೂ ಈ ವಹಿವಾಟು ನಷ್ಟದ್ದಲ್ಲ ಅಂತಲೇ ನನ್ನ ಎಣಿಕೆ. ಸತ್ತ ಮರ ಕೊಟ್ಟು ಒದೆತ ನುಂಗುವ ರಬ್ಬರ್ ತಂದ ಹಾಗೆ. ಕೊಯ್ಯುವ ಮುಂಚೆ ಮಾತ್ರ ಚಳಿಗಾಲದ ಸ್ವೆಟರ್ ಹಾಕಿಕೊಂಡು ಹೆಗಲಿಗೆ ಆನಿಸಿ ನೋಡಿ. ಅಂಗಿಯಲ್ಲಿ ಸರಿಹೋದ ಬಟ್ಟು ಕಂಬಳಿ ಹೊದ್ದಾಗ ಸಿಕ್ಕಿಹಾಕಿಕೊಳ್ಳುತ್ತದೆ.

ಬಟ್ಟಿನಿಂದ ಮರ ತೆಗೆದರೆ ತೂಕದ ನಡು ಮುಂದಕ್ಕೆ ಜರುಗುತ್ತದೆ. ಜೋಡಿ ನಳಿಗೆಯನ್ನು ನಳಿಗೆ ಮುರಿಯುವ ಕೀಲಿನ ಬಳಿ ಒಂದು ಬೆರಳ ಮೇಲೆ ಇಟ್ಟು ತೂಗಿ ನೋಡಿ, ಒಳ್ಳೆಯ ಕೋವಿ ಅಲ್ಲೇ ಆಸುಪಾಸು ನಿಲ್ಲುತ್ತದೆ. ತೂತಾದ ಮೇಲೆ ಒಂದು ಬೆರಳಗಲ ಮುಂದೆ ನಿಂತರೆ ಅಡ್ಡಿಯಿಲ್ಲ, ಮೂಗು ಸ್ವಲ್ಪ ಭಾರವಿದ್ದರೆ ಗುರಿ ಅಲುಗುವುದು ಕಡಿಮೆ. ಮೂರು ಬೆರಳು ಜರುಗಿದರೆ ಟಾರ್ಚು ಮತ್ತೆ ಕಟ್ಟಿದಷ್ಟೇ ಪಾಪ.

.315 ರೈಫಲ್ಲಿನ ಕತೆ ಬೇರೆ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಈ ರೈಫಲ್ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ವಂಶದ್ದು. ಸೇನೆಯ .303 ತೋಟಾ ಜನರ ಕೈಗೆ ಸಿಗಬಾರದೆಂಬ ಬ್ರಿಟಿಷರ ಕಾಲದ ಎಚ್ಚರಿಕೆಯಿಂದ ಬೇರೆ ಬೋರು ಬಂತು, ಮೈಕಟ್ಟು ಮಾತ್ರ ಅದೇ ಉಳಿಯಿತು. ಇದರಲ್ಲಿ ಮರ ಎರಡು ತುಂಡು. ಬಟ್ಟು ಒಂದು ಕಬ್ಬಿಣದ ಗೂಡಿನೊಳಗೆ ಕೂತು ಉದ್ದದ ಬೋಲ್ಟಿನಿಂದ ಬಿಗಿಯುತ್ತದೆ, ಆ ಬೋಲ್ಟು ಸಡಿಲವಾಗಿ ನಾಲ್ಕು ತೋಟಾ ಹಾರಿದರೆ ಗೂಡಿನ ಅಂಚಿನಲ್ಲಿ ಮರ ಬಿರುಕು ಬಿಡುತ್ತದೆ. ಮುಂದಿನ ಮರದೊಳಗೆ, ಟ್ರಿಗರಿನ ಸ್ವಲ್ಪ ಮುಂದೆ, ಎರಡು ಪುಟ್ಟ ಮುಖಗಳು ಕಬ್ಬಿಣಕ್ಕೆ ಆನಿಕೊಂಡಿರುತ್ತವೆ. ಇಂಗ್ಲಿಷ್ ಮಿಸ್ತ್ರಿಗಳು ಅವನ್ನು ಡ್ರಾಸ್ ಅಂದರು. ಪ್ರತಿ ಈಡಿನ ಒದೆತವನ್ನು ಮುಂದಿನ ಮರ ಹೊರುವುದು ಈ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಒಳಮರ ಕೆರೆದು ಹಗುರ ಮಾಡಲು ಹೊರಟವರ ಉಳಿ ಇಲ್ಲಿಗೆ ತಾಗಿದರೆ ಮುಗಿಯಿತು, ಮರುದಿನದಿಂದ ಗುಂಡು ಒಂದು ಕಡೆ ಬೀಳುವುದಿಲ್ಲ. ದೂರುವುದು ನಳಿಗೆಯನ್ನು.

ಈ ವಂಶದ ರೈಫಲನ್ನು ಹಗುರ ಮಾಡುವ ದೊಡ್ಡ ಪ್ರಯೋಗ ಎರಡನೇ ಮಹಾಯುದ್ಧದಲ್ಲೇ ನಡೆದಿದೆ. 1944ರಲ್ಲಿ ಬಂದ ನಂಬರ್ 5, ಜನರ ಬಾಯಲ್ಲಿ ಜಂಗಲ್ ಕಾರ್ಬೈನ್. 4.1 ಕಿಲೋ ಇದ್ದ ಇದೇ ವಂಶದ ನಂಬರ್ 4 ರೈಫಲ್ಲಿನ ನಳಿಗೆ ಮೋಟಾಗಿಸಿ, ಮುಂದಿನ ಮರ ಕತ್ತರಿಸಿ, ನಳಿಗೆಯ ಬುಡದಲ್ಲೂ ಕಬ್ಬಿಣದ ಗೂಡಿನಲ್ಲೂ ಅಲ್ಲಲ್ಲಿ ಲೋಹ ಕೆತ್ತಿ 3.2 ಕಿಲೋಗೆ ಇಳಿಸಿದರು. ಕಾಡಿನಲ್ಲಿ ಹೊರಲು ಚಂದ. ಒದೆತ ಕುಖ್ಯಾತ, ಬಟ್ಟಿಗೆ ಹಾಕಿದ ರಬ್ಬರ್ ಕಿರಿದಾದ್ದರಿಂದ ಅದು ತಗ್ಗಿಸುವ ಬದಲು ಒಂದೇ ಕಡೆ ಚುಚ್ಚುತ್ತಿತ್ತು. ಗುರಿ ಕೂರಿಸಿದ್ದು ಕೂತಲ್ಲಿ ಕೂರುವುದಿಲ್ಲ ಎಂಬ ದೂರು ನಿಲ್ಲಲೇ ಇಲ್ಲ. 1947ರ ಹೊತ್ತಿಗೆ ತಯಾರಿಕೆ ನಿಂತಿತು. ಸರ್ಕಾರದ ಕಾರ್ಖಾನೆ, ಇಂಜಿನಿಯರುಗಳ ಪಡೆ, ಯುದ್ಧದ ಖಜಾನೆ ಎಲ್ಲ ಇದ್ದೂ ಹೀಗಾಯಿತು. ಲೇತ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ಇದನ್ನು ಸುಧಾರಿಸುತ್ತೇವೆ ಅನ್ನುವವರ ಧೈರ್ಯ ಮೆಚ್ಚಬೇಕು.

ನಳಿಗೆಯ ಮಾತು ಇಲ್ಲಿಗೇ ಮುಗಿಸೋಣ. ಆಯುಧ ಕಾಯ್ದೆ 1959ರ 6ನೇ ಕಲಂ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಮೋಟು ಮಾಡುವಂತಿಲ್ಲ, ಕೋವಿ ನಿಮ್ಮದೇ ಇರಲಿ, ಬೆಳೆ ರಕ್ಷಣೆಯ ಲೈಸೆನ್ಸ್ ಜೇಬಿನಲ್ಲೇ ಇರಲಿ. ಪಾಲಿಶ್ ಮಾಡಿಸುವಾಗ ನಂಬರ್ ಉಜ್ಜಿಹೋದರೂ ತಪ್ಪೇ, 8ನೇ ಕಲಂ ಬಂದೂಕಿನ ಗುರುತು ಅಳಿಸುವುದನ್ನೇ ನಿಷೇಧಿಸುತ್ತದೆ. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿ ಠೇವಣಿ ಇಡಲು ಹೇಳುವುದುಂಟು, ಅಲ್ಲಿ ರಿಜಿಸ್ಟರಿನ ಎದುರು ನಂಬರ್ ಓದಿ ಹೇಳುವಾಗ ಸಿಕ್ಕಿಬೀಳುವುದು ಖಚಿತ. ಜೋಡಿ ನಳಿಗೆಗೆ ಇನ್ನೊಂದು ಅಪಾಯ: ಎರಡೂ ನಳಿಗೆಯನ್ನು ಹಿಡಿದಿರುವುದು ನಡುವಿನ ಪಟ್ಟಿ ಮತ್ತು ಬೆಸುಗೆ. ಮೂತಿಯಲ್ಲಿ ಕೊಯ್ದರೆ ಬೆಸುಗೆ ಬಾಯಿ ಬಿಡುತ್ತದೆ, ಚೋಕ್, ಅಂದರೆ ಚರೆಯನ್ನು ಒತ್ತಾಗಿಡುವ ಮೂತಿಯ ಒಳ ಇರುಕು, ಇದ್ದದ್ದೂ ಹೋಗುತ್ತದೆ, ಚರೆ ಚದುರುತ್ತದೆ. ಕೋವಿಯ ಲೈಸೆನ್ಸ್ ಕೊಲ್ಲುವ ಅನುಮತಿಯಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ, ಬೆಳೆ ಹಾಳುಮಾಡುವ ಪ್ರಾಣಿಗೂ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಜೋಗಿಮಟ್ಟಿ ಕಾಡಿನ ಕರಡಿ, ರಂಗಯ್ಯನದುರ್ಗ ಕಾಡಿನ ಕೊಂಡುಕುರಿ ಹೊಲಕ್ಕೆ ಬಂದರೆ ಮಾಡಬೇಕಾದ್ದು ಫೋನು.

ಬೇಟೆಗೆ ಕಾನೂನಿನ ದಾರಿಯಿರುವ ದೇಶಗಳಲ್ಲಿ ಬೆಟ್ಟ ಹತ್ತುವವರಿಗೆಂದೇ ರೈಫಲ್ ಹಗುರ ಮಾಡುವ ಕಸುಬು ಬೆಳೆದಿದೆ. ಅವರ ಕ್ರಮ ನೋಡಿದರೂ ಇದೇ ಪಾಠ. ಕಿಲೋ ದಾಟುವ ಮರದ ಸ್ಟಾಕ್ ತೆಗೆದು 600-700 ಗ್ರಾಮಿನ ಕಾರ್ಬನ್ ಫೈಬರಿನದು ಹಾಕುತ್ತಾರೆ. 50 ಮಿಲಿಮೀಟರ್ ಗಾಜಿನ 650 ಗ್ರಾಂ ದುರ್ಬೀನು ಇಳಿಸಿ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ 300 ಗ್ರಾಮಿನದು ಏರಿಸುತ್ತಾರೆ, ಉಕ್ಕಿನ ಉಂಗುರಗಳ ಜಾಗಕ್ಕೆ ಅಲ್ಯೂಮಿನಿಯಂ. ಇಷ್ಟರಲ್ಲೇ ಮುಕ್ಕಾಲು ಕಿಲೋ ಮುಗಿಯುತ್ತದೆ. ನಳಿಗೆಗೆ ಉದ್ದುದ್ದ ಗೀರು ಕೊರೆಯುವುದು, ಬೋಲ್ಟಿನ ಹಿಡಿ ಟೊಳ್ಳು ಮಾಡುವುದು, ಟೈಟಾನಿಯಂ ಸ್ಕ್ರೂ ಇವೆಲ್ಲ ಕೊನೆಗೆ. ಗೀರಿಗೆ ನೂರು ಚಿಲ್ಲರೆ ಗ್ರಾಂ ಸಿಕ್ಕೀತು. ಆದರೆ ನಳಿಗೆಯ ಉಕ್ಕಿನಲ್ಲಿ ಅಡಗಿದ್ದ ಸೆಳೆತ ಬಿಡುಗಡೆಯಾಗಿ ಒಳಬೋರು ಅಲ್ಲಲ್ಲಿ ಸಡಿಲವಾಗುವ ಸಂಭವವೂ ಜೊತೆಗೇ ಬರುತ್ತದೆ. ಸ್ಕ್ರೂಗೆ ಸಿಗುವುದು ಒಂದು ಅಡಕೆಯ ತೂಕ. ತೆಳು ನಳಿಗೆ ಮೂರು ಈಡಿಗೇ ಕಾಯುತ್ತದೆ, ನಾಲ್ಕನೆಯದು ಬೇರೆ ಕಡೆ ಹೋಗುತ್ತದೆ.

ದುರ್ಬೀನಿನ ವಿಷಯದಲ್ಲಿ ನಮ್ಮವರೂ ಎಡವುವ ಜಾಗವೊಂದಿದೆ. ರೈಫಲ್ ಹಗುರವಾದಷ್ಟೂ ಹಿಂದಕ್ಕೆ ಚಿಮ್ಮುವ ವೇಗ ಹೆಚ್ಚು, ದುರ್ಬೀನು ಉಂಗುರದೊಳಗೆ ಜಾರಲು ನೋಡುತ್ತದೆ. ಜಾರಿತೆಂದು ಕೈಗೆ ಸಿಕ್ಕ ಬಲದಲ್ಲೆಲ್ಲ ತಿರುಪು ಬಿಗಿದರೆ ಕೊಳವೆ ನಜ್ಜಾಗುತ್ತದೆ. ಉಂಗುರದ ತಿರುಪಿಗೆ 2 ನ್ಯೂಟನ್-ಮೀಟರ್ ಸಾಕು, ಅದು ಎರಡು ಬೆರಳಿನ ಬಲ, ಮುಷ್ಟಿಯದಲ್ಲ. ಒಳಮೈಯ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿದ್ದರೆ ಅಷ್ಟಕ್ಕೇ ಕಚ್ಚಿಕೊಳ್ಳುತ್ತದೆ. ಕೊಳವೆಯ ಮೇಲೆ ಉಂಗುರದ ಅಂಚಿಗೆ ಒಂದು ಪೆನ್ಸಿಲ್ ಗೆರೆ ಎಳೆದಿಡಿ. ಜಾರಿದರೆ ಗೆರೆ ಹೇಳುತ್ತದೆ. ಹುಬ್ಬಿಗೂ ಗಾಜಿಗೂ ನಾಲ್ಕು ಬೆರಳು ಜಾಗ ಬಿಡದಿದ್ದರೆ ಹೇಳುವುದು ಹಣೆಯ ಹೊಲಿಗೆ.

ಕೆಲಸ ಮುಗಿಸಿ ಕೋವಿ ವಾಪಸ್ಸು ಬಂದಾಗ ಹಳೆಯ ಗುರಿ ಹಾಗೇ ಇದೆಯೆಂದು ನಂಬಬಾರದು. ಮರ ಬಿಚ್ಚಿ ಕೂರಿಸಿದ ಯಾವ ರೈಫಲ್ಲೂ ಮೊದಲಿನ ಜಾಗಕ್ಕೇ ಹೊಡೆಯುತ್ತದೆಂಬ ಖಾತ್ರಿಯಿಲ್ಲ. ಶೂಟಿಂಗ್ ರೇಂಜಿನಲ್ಲಿ ಮೂರು ಮೂರು ಈಡಿನಂತೆ, ನಡುವೆ ನಳಿಗೆ ಕೈಗೆ ತಣ್ಣಗಾಗುವ ತನಕ ಬಿಟ್ಟು, ಮತ್ತೆ ಗುರಿ ಕೂರಿಸಬೇಕು. ಹತ್ತು ಈಡಾದ ಮೇಲೆ ಬಟ್ಟಿನ ಪ್ಲೇಟು ಬಿಚ್ಚಿ ತೂತಿನ ಬಾಯಿಯ ಸುತ್ತ ಹತ್ತಿಯ ಉಂಡೆ ಆಡಿಸಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕೂದಲೆಳೆಯ ಬಿರುಕು ಹುಟ್ಟಿದೆ, ಕಣ್ಣಿಗೆ ಕಾಣುವ ಮೊದಲೇ ಹತ್ತಿ ಹಿಡಿಯುತ್ತದೆ.

ತಕ್ಕಡಿಗೆ ಮತ್ತೊಮ್ಮೆ ಇಟ್ಟು ಬರೆದುಕೊಳ್ಳುವಾಗ ತಿಂಗಳೂ ಬರೆಯಿರಿ. 900 ಗ್ರಾಮಿನ ಮರ ಆಷಾಢದ ತೇವಕ್ಕೆ ನೂರಕ್ಕೆ ನಾಲ್ಕರಷ್ಟು ನೀರು ಕುಡಿದರೆ 35 ಗ್ರಾಂ ಏರುತ್ತದೆ, ಏಪ್ರಿಲಿನ ಚಳ್ಳಕೆರೆ ಬಿಸಿಲಿಗೆ ಅಷ್ಟೂ ಇಳಿಯುತ್ತದೆ. ಮಳೆಗಾಲದಲ್ಲಿ ತೂಗಿ ಮಿಸ್ತ್ರಿಗೆ ಕೊಟ್ಟು ಬೇಸಿಗೆಯಲ್ಲಿ ತೂಗಿ ತಂದವರು ಆ 35 ಗ್ರಾಮನ್ನೂ ಅವನ ಲೆಕ್ಕಕ್ಕೇ ಸೇರಿಸಿ ಹಣ ಕೊಟ್ಟಿರುತ್ತಾರೆ.